ಅಕ್ಷರಮಾಲೆ ಬಾಯಿಪಾಠ, ಓದಲು ಮಾತ್ರ ಬರುವುದಿಲ್ಲ: ಮನೆಯಲ್ಲಿ ಹೇಗೆ ಕಲಿಸಬೇಕು?

ಪ್ರಶ್ನೆ: ನಮ್ಮದು ಕಾರವಾರ. ಮನೆಮಾತು ಕೊಂಕಣಿ. ಅತ್ತೆ ಶಿರಸಿಯಲ್ಲಿ ಬೆಳೆದವರು, ಮೊಮ್ಮಗಳ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಮಗಳಿಗೆ ಐದೂವರೆ ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ಯುಕೆಜಿ. ಅ ಆ ಇ ಈ ಪೂರ್ತಿ ಹೇಳುತ್ತಾಳೆ. ಎಬಿಸಿಡಿ ಹಾಡುತ್ತಾಳೆ. ಚಾರ್ಟಿನಲ್ಲಿ ಅಕ್ಷರ ತೋರಿಸುತ್ತಾಳೆ. ಆದರೆ 'ದರ' ಅಂತ ಬರೆದು ಕೊಟ್ಟರೆ ಮೊದಲ ಅಕ್ಷರ ನೋಡಿ 'ದನ' ಅಂದುಬಿಡುತ್ತಾಳೆ. ತಾನೇ ಬರೆದರೆ 'ಅಮ್ಮ'ನಿಗೆ 'ಅಮಮ', 'ಅಕ್ಕ'ನಿಗೆ 'ಅಕ'. ಇವರು ಸದ್ಯ ಕನ್ನಡ ಬಿಟ್ಟು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸುವ ಫೋನಿಕ್ಸ್ ಆ್ಯಪ್ ಹಾಕೋಣ ಅಂತಾರೆ. ಅತ್ತೆ ದಿನಾ ಕಾಗುಣಿತ ಬರೆಸು ಅಂತಾರೆ. ಮೂರು ಭಾಷೆ ಸೇರಿ ಅವಳಿಗೆ ಗೊಂದಲ ಆಗ್ತಿದೆಯಾ? ಮಳೆಗಾಲ ಶುರುವಾದ ಮೇಲೆ ಶೀತ ಬೇರೆ ಬಿಡುವುದಿಲ್ಲ. ಏನು ಕೇಳಿದರೂ 'ಕಿತೆಂ?' (ಏನು?) ಅಂತ ಎರಡು ಸಲ ಕೇಳುತ್ತಾಳೆ. ಗಮನ ಕಡಿಮೆ ಅಂತ ಟೀಚರ್ ಹೇಳಿದ್ದಾರೆ.

ಉತ್ತರ: ಮೂರು ಭಾಷೆಯಿಂದ ಗೊಂದಲ ಆಗಿಲ್ಲ. ಕನ್ನಡ ನಿಲ್ಲಿಸಬೇಡಿ. ಕೊಂಕಣಿಯನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಫೋನಿಕ್ಸ್ ಕಲಿಸುವುದಕ್ಕಾಗಿ ಕನ್ನಡ ಬಿಡುವ ಯೋಚನೆ ಇದೆಯಲ್ಲ, ಅದು ನಿಮ್ಮ ಕೈಯಲ್ಲಿರುವ ಒಳ್ಳೆಯ ಸಾಧನವನ್ನೇ ಬದಿಗಿಟ್ಟಂತೆ. ಅದು ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಅದಕ್ಕಿಂತ ಮೊದಲು ನಿಮ್ಮ ಪತ್ರದ ಕೊನೆಯ ಮಾತಿಗೆ ಬರುತ್ತೇನೆ. ಶೀತ ಬಿಡದ ಮಗು ಎರಡೆರಡು ಸಲ ಕೇಳುತ್ತದೆ ಅಂದರೆ ಗಮನದ ಮಾತು ಆಮೇಲೆ, ಕಿವಿ ತೋರಿಸುವುದು ಮೊದಲು. ಪದೇ ಪದೇ ನೆಗಡಿಯಾಗುವ ಚಿಕ್ಕ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುವುದು ಸಾಮಾನ್ಯ. ನೋವು ಇರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗು ಮಾತು ಕೇಳಿಸಿಕೊಳ್ಳುತ್ತದೆ, ಆದರೆ ಮೆತ್ತಗಿನ ಸದ್ದುಗಳು ಮಸುಕಾಗುತ್ತವೆ. ಸ, ಫ, ತ, ಪ ಇಂಥವು ಮೊದಲು ಕೈಕೊಡುತ್ತವೆ. ಕಾರವಾರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಿವಿ-ಮೂಗು-ಗಂಟಲಿನ ವೈದ್ಯರಿಗೆ ಒಮ್ಮೆ ತೋರಿಸಿ. ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿಯೋ ಸಣ್ಣ ಚಿಕಿತ್ಸೆಯಿಂದಲೋ ಸರಿಹೋಗುತ್ತದೆ. ಕಿವಿ ಸರಿಯಿದೆ ಅಂತ ಖಾತ್ರಿಯಾಗುವವರೆಗೆ ಅವಳ ಎದುರು ಕೂತು, ಮುಖ ಕಾಣುವಂತೆ ಮಾತಾಡಿ. ಮಳೆ ಹಂಚಿನ ಮೇಲೆ ಹೊಡೆಯುವಾಗ ಅಡುಗೆಮನೆಯಿಂದ ಕೂಗಿ ಪಾಠ ಹೇಳಿದರೆ ಚುರುಕು ಕಿವಿಯ ಮಕ್ಕಳಿಗೂ ಕಷ್ಟ.

ಈಗ ಓದಿನ ವಿಷಯ. ನಿಮ್ಮ ಮಗಳಿಗೆ ಅಕ್ಷರದ ಪರಿಚಯ ಇದೆ. ಆಡುವ ಮಾತನ್ನು ಸದ್ದು ಸದ್ದಾಗಿ ಬಿಡಿಸಿ ಕೇಳುವ ರೂಢಿ ಇನ್ನೂ ಆಗಿಲ್ಲ. ನಾವು ದೊಡ್ಡವರು ಇದನ್ನು ಮರೆತೇಬಿಟ್ಟಿರುತ್ತೇವೆ. ಮಗುವಿಗೆ 'ಮರ' ಅಂದರೆ ಅಂಗಳದಲ್ಲಿ ನಿಂತಿರುವ ಮರ. ಆ ಮಾತಿನೊಳಗೆ 'ಮ' ಮತ್ತು 'ರ' ಎಂಬ ಎರಡು ತುಂಡುಗಳಿವೆ ಅಂತ ಅದಕ್ಕೆ ಯಾರಾದರೂ ತೋರಿಸಿಕೊಡಬೇಕು. ಇದನ್ನು ತೋರಿಸದೆ ಅಕ್ಷರ ಮಾತ್ರ ಕಲಿಸಿದರೆ ಚಾರ್ಟು ಬಾಯಿಪಾಠ ಆಗುತ್ತದೆ, ಓದು ಊಹೆಯಾಗುತ್ತದೆ. 'ದರ' ನೋಡಿ 'ದನ' ಅನ್ನುವುದು ಆ ಊಹೆಯೇ.

ಹಾಗಾಗಿ ಎರಡು ಮೂರು ವಾರ ಪುಸ್ತಕ, ಪೆನ್ಸಿಲ್ ಏನೂ ಬೇಡ. ಬರೀ ಬಾಯಿ, ಕಿವಿ, ಚಪ್ಪಾಳೆ. ನಮ್ಮ ಜಿಲ್ಲೆಯ ಊರುಗಳ ಹೆಸರು ಇದಕ್ಕೆ ಬಹಳ ಚೆನ್ನಾಗಿ ಒದಗುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಬೋರ್ಡು ಓದಿ ಹೇಳಿ, ಒಂದೊಂದು ತುಂಡಿಗೆ ಒಂದು ಚಪ್ಪಾಳೆ ಹೊಡೆಸಿ. ಕಾ-ರ-ವಾ-ರ, ನಾಲ್ಕು. ಶಿ-ರ-ಸಿ, ಮೂರು. ಅಂ-ಕೋ-ಲಾ, ಮೂರು. ಕು-ಮ-ಟಾ, ಮೂರು. ಹೊನ್ನಾವರ, ಭಟ್ಕಳ, ಯಲ್ಲಾಪುರ ಈಗ ಬೇಡ, ಒತ್ತು ಇದೆ. ಕಾರವಾರ ಇನ್ನೂ ಒಂದು ಕಾರಣಕ್ಕೆ ಒಳ್ಳೆಯ ಪದ. 'ಕಾರ', 'ವಾರ' ಅಂತ ಎರಡು ಭಾಗ ಮಾಡಿದರೆ ಮೊದಲ ಸದ್ದು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ. ಇದನ್ನು ನೀವು ಹೇಳಬೇಡಿ. ನಾಲ್ಕಾರು ಸಲ ಹೇಳಿಸಿ, ಅವಳೇ ಕಂಡುಹಿಡಿಯಲಿ.

ಚಪ್ಪಾಳೆ ಸಲೀಸಾದ ಮೇಲೆ ಅಂತ್ಯಾಕ್ಷರಿ ಆಡಿ. ಹಾಡಿನದಲ್ಲ, ಪದದ ಅಂತ್ಯಾಕ್ಷರಿ. ಕಾರವಾರ, ರಸ, ಸರ, ರಜ, ಜನ, ನರಿ. ಕೊಂಕಣಿ ಪದ ಬಂದರೂ ಒಪ್ಪಿಕೊಳ್ಳಿ, ಇದು ಕಿವಿಯ ಆಟ. ಅತ್ತೆಯವರನ್ನು ಇದಕ್ಕೆ ಕೂರಿಸಿಕೊಳ್ಳಿ. ಶಿರಸಿ ಕಡೆಯ ಹಳೇ ಪದಗಳು, ಒಗಟುಗಳು ಅವರ ಹತ್ತಿರ ಇದ್ದೇ ಇರುತ್ತವೆ. ಮುಂದಿನದು ಸ್ವಲ್ಪ ಕಷ್ಟದ ಆಟ: ಒಂದು ಸದ್ದು ತೆಗೆಯುವುದು. 'ಅರಸ'ದಲ್ಲಿ 'ಅ' ತೆಗೆದರೆ ಏನು ಉಳೀತು? ರಸ. 'ಸಾಗರ'ದಲ್ಲಿ 'ಸಾ' ತೆಗೆದರೆ? ಗರ. ಇದಕ್ಕೆ ತಡವರಿಸದೆ ಉತ್ತರ ಹೇಳುವ ಮಗು ಓದಿಗೆ ತಯಾರಾಗಿದೆ ಅಂತ ಧೈರ್ಯವಾಗಿ ಹೇಳಬಹುದು.

ಆಮೇಲೆ ಅಕ್ಷರ. ಇಲ್ಲಿ ಅತ್ತೆಯವರಿಗೆ ಗೌರವ ಕೊಟ್ಟೇ ಒಂದು ಮಾತು ಹೇಳಬೇಕು. ನಮ್ಮ ವರ್ಣಮಾಲೆಯ ಸಾಲು ಬಹಳ ಯೋಚನೆ ಮಾಡಿ ಜೋಡಿಸಿದ್ದು. ಕ ಗಂಟಲ ಹತ್ತಿರ ಹುಟ್ಟುತ್ತದೆ. ಅಲ್ಲಿಂದ ಚ, ಟ, ತ ಅಂತ ಮುಂದೆ ಬಂದು ಪ ತುಟಿಗೆ ಮುಟ್ಟುತ್ತದೆ. ಓದಲು ಬಂದ ಮಗುವಿಗೆ ಈ ಜೋಡಣೆ ತೋರಿಸಿದರೆ ಅದು ಖುಷಿಪಡುತ್ತದೆ. ಆದರೆ ಮೊದಲ ಪಾಠಕ್ಕೆ ಆ ಸಾಲು ಒದಗುವುದಿಲ್ಲ. 13 ಸ್ವರ ಕಲಿತ ಮಗು ಅಷ್ಟರಲ್ಲಿ ಓದಬಹುದಾದ ಪದ ಹೆಚ್ಚುಕಡಿಮೆ ಇಲ್ಲ. 49 ಅಕ್ಷರ ಮುಗಿಸಿದ ಮೇಲೆ ಓದು ಅಂದರೆ ಅಷ್ಟು ದಿನ ಸುಮ್ನೆ ಕಾಯಬೇಕು.

ನಮ್ಮ ಸರ್ಕಾರಿ ಶಾಲೆಗಳು ಈ ವಿಷಯದಲ್ಲಿ ಒಳ್ಳೆಯ ದಾರಿ ಹಿಡಿದಿವೆ. ನಲಿಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಅಲ್ಲಿ ಮಕ್ಕಳು 'ರ ಗ ಸ ದ ಅ'ದಿಂದ ಓದಲು ತೊಡಗುತ್ತಾರೆ. ಈ ಐದೇ ಅಕ್ಷರದಲ್ಲಿ ಎಷ್ಟು ಪದ ನೋಡಿ. ರಸ, ಸರ, ದರ, ಅರಸ, ಅಗಸ, ಗರಗಸ. ಮೊದಲ ವಾರವೇ ಮಗು ಅರ್ಥ ಇರುವ ಪದ ಓದುತ್ತದೆ. ತನಗೆ ಓದು ಬರುತ್ತದೆ ಅನ್ನುವ ಧೈರ್ಯ ಆಗಲೇ ಬರುತ್ತದೆ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳ ಹತ್ತಿರ ಹಳೇ ಪುಸ್ತಕ ಇದ್ದರೆ ಕೇಳಿ ತನ್ನಿ. ಅದಾದ ಮೇಲೆ ಜ, ವ, ಮ, ಬ, ನ ಸೇರಿಸಿ. ಜನ, ಮರ, ದನ, ವನ, ಬರ, ನಗ. ಹೊಸ ಅಕ್ಷರ ಬಂದ ದಿನವೇ ಹಳೆಯದರ ಜೊತೆ ಸೇರಿಸಿ ಪದ ಮಾಡಿ. 'ದರ', 'ದನ' ಎರಡನ್ನೂ ಪಕ್ಕಪಕ್ಕ ಇಡಿ. ಊಹೆ ಮಾಡಿದರೆ ತಪ್ಪುತ್ತದೆ, ಎರಡನೇ ಅಕ್ಷರ ನೋಡಲೇಬೇಕು ಅಂತ ಅವಳಿಗೇ ಗೊತ್ತಾಗಲಿ. ಚಿತ್ರ ಇರುವ ಚಾರ್ಟನ್ನು ಸ್ವಲ್ಪ ದಿನ ಗೋಡೆಯಿಂದ ತೆಗೆದಿಡಿ. ಅವಳು ಚಿತ್ರ ಓದುತ್ತಿದ್ದಾಳೆ.

ಕಾಗುಣಿತಕ್ಕೆ ಬರೋಣ. ಎಲ್ಲಕ್ಕಿಂತ ಜಾಸ್ತಿ ನಿಧಾನ ಬೇಕಾದ ಜಾಗ ಇದು. 34 ವ್ಯಂಜನಕ್ಕೆ, ಅಂ ಅಃ ಸೇರಿ 15ರಂತೆ ಲೆಕ್ಕ ಹಾಕಿದರೆ 510 ರೂಪ. ಇಷ್ಟನ್ನು ಒಂದೊಂದಾಗಿ ನೆನಪಿಡು ಅಂದರೆ ಯಾವ ಮಗುವಾದರೂ ಸೋಲುತ್ತದೆ. ಆದರೆ ನೆನಪಿಡಬೇಕಾದ ಗುರುತುಗಳು ಕೆಲವೇ. ಇಳಿ, ಗುಡಿಸು, ಕೊಂಬು, ಏತ್ವ, ದೀರ್ಘ ಇಷ್ಟು ಬಂದರೆ ಬಹುಪಾಲು ಆಯಿತು. ಆದ್ದರಿಂದ ಒಂದು ಅಕ್ಷರಕ್ಕೆ ಹದಿನೈದು ರೂಪ ಬರೆಸುವ ಬದಲು, ಒಂದು ಗುರುತನ್ನು ಗೊತ್ತಿರುವ ಎಲ್ಲ ಅಕ್ಷರಕ್ಕೂ ಹಚ್ಚಿ. ಮೊದಲು ಇಳಿ. ಸರ-ಸಾರ, ದರ-ದಾರ, ಮರ-ಮಾರ, ಬರ-ಬಾರ. ಒಂದು ವಾರ ಇದೇ. ಆಮೇಲೆ ಗುಡಿಸು. ರಿ, ಸಿ, ದಿ, ಮಿ, ನಿ ಅಂತ ಹೇಳಿಸಿ, 'ಎಲ್ಲದರ ಕೊನೆಗೆ ಏನು ಕೇಳ್ತದೆ?' ಅಂತ ಕೇಳಿ. 'ಇ' ಅಂದಳಾ? ಅಲ್ಲಿಗೆ ದೊಡ್ಡ ಬಾಗಿಲು ತೆರೆಯಿತು.

ಮೊದಲು ಸಾಧನ ಅಂದೆನಲ್ಲ, ಅದು ಇದೇ. 'ಸಿ' ಅನ್ನುವ ಒಂದು ತುಂಡಿನೊಳಗೆ 'ಸ್' ಮತ್ತು 'ಇ' ಎರಡಿವೆ ಅಂತ ಕೇಳಿಸಿಕೊಳ್ಳುವುದೇ ಇಂಗ್ಲಿಷ್ ಫೋನಿಕ್ಸಿನ ಜೀವಾಳ. ಕನ್ನಡದಲ್ಲಿ ಇದು ಕಣ್ಣಿಗೂ ಕಾಣುತ್ತದೆ. 'ಸ' ಹಾಗೇ ಇದೆ, ತಲೆಯ ಮೇಲೆ ಗುಡಿಸು ಬಂದು 'ಇ' ಆಯಿತು. ಅಕ್ಷರದೊಳಗಿನ ಸದ್ದನ್ನು ಹೀಗೆ ಬಿಡಿಸಿ ತೋರಿಸುವ ಲಿಪಿ ನಮ್ಮದು. ಇದರಲ್ಲಿ ಪಳಗಿದ ಮಗು ಇಂಗ್ಲಿಷಿಗೆ ಹೋದಾಗ ಅರ್ಧ ದಾರಿ ನಡೆದಾಗಿರುತ್ತದೆ. ಕನ್ನಡ ಬಿಡಬೇಡಿ ಅಂತ ಒತ್ತಿ ಹೇಳುವುದು ಇದಕ್ಕೇ. ಅತ್ತೆಯವರ ಕಾಗುಣಿತವೂ ಬೇಕು. 'ಕ ಇಳಿ ಕಾ, ಕ ಗುಡಿಸು ಕಿ' ಅಂತ ರಾಗವಾಗಿ ಹೇಳಲಿ. ಆದರೆ ಅವಳಿಗೆ ಓದಲು ಬರುವ ಅಕ್ಷರಗಳಿಗೆ ಮಾತ್ರ, ಮತ್ತು ಬಾಯಲ್ಲಿ ಮಾತ್ರ. ಪುಟಗಟ್ಟಲೆ ಬರೆಸುವುದು ಬೇಡ.

ಒಂದೆರಡು ಕಡೆ ಲಿಪಿ ನಿಯಮ ಮುರಿಯುತ್ತದೆ. 'ಪು', 'ವು'ಗಳಲ್ಲಿ ಕೊಂಬು ಕೆಳಗೆ ಇಳಿಯುತ್ತದೆ. 'ಮೊ', 'ಯೊ' ಬರೆಯುವ ರೀತಿ ಬೇರೆ. ಬಂದಾಗ ತೋರಿಸಿ, ಮುಂದೆ ಹೋಗಿ.

ಕೊಂಕಣಿ ಮನೆಯ ಮಕ್ಕಳಿಗೆ ಎಲ್ಲಿ ಸಲೀಸು, ಎಲ್ಲಿ ಕಷ್ಟ ಅಂತ ತಿಳಿದಿದ್ದರೆ ನಿಮಗೆ ಉಪಯೋಗ. ಮಹಾಪ್ರಾಣ ಅವರಿಗೆ ಸಲೀಸು. ಘರ್, ಝಾಡ್, ಭಾಂಗಾರ್ ಅಂತ ದಿನಾ ಆಡುವ ಮಗುವಿಗೆ ಘ, ಝ, ಭ ಬಾಯಲ್ಲೇ ಇವೆ. ಕನ್ನಡದ ಎಷ್ಟೋ ಮನೆಗಳಲ್ಲಿ ಮಾತಿನಲ್ಲಿ ಆ ಉಸಿರು ಸರಿಯಾಗಿ ಕೇಳುವುದಿಲ್ಲ. ಅಂಥ ಮಕ್ಕಳಿಗೆ 'ದನ', 'ಧನ' ಬರೆಯುವಾಗ ಕಷ್ಟ. ಬಾಯೆದುರು ಅಂಗೈ ಹಿಡಿದು ಹೇಳಿಸಿದರೆ ಉಸಿರು ತಾಗುವುದು ಗೊತ್ತಾಗುತ್ತದೆ. ಳ ಮತ್ತು ಣ ಕೂಡ ಕೊಂಕಣಿಯಲ್ಲಿ ಇವೆ. ಹಾಗಾಗಿ 'ಬಲೆ' ಮತ್ತು 'ಬಳೆ' ನಿಮ್ಮ ಮಗಳಿಗೆ ಬೇರೆಬೇರೆಯಾಗಿಯೇ ಕೇಳುತ್ತವೆ.

ಕಷ್ಟ ಬರುವುದು ಎ-ಏ, ಒ-ಓಗಳಲ್ಲಿ. ಇವುಗಳ ಉದ್ದ-ಗಿಡ್ಡದಿಂದ ಅರ್ಥವೇ ಬದಲಾಗುವುದು ಕೊಂಕಣಿಯಲ್ಲಿ ಕನ್ನಡದಷ್ಟು ಇಲ್ಲ. ಕನ್ನಡದಲ್ಲಿ ಕೆರೆ ಬೇರೆ, ಕೇರೆ ಹಾವು ಬೇರೆ. ಕೊಡು ಬೇರೆ, ಎಮ್ಮೆಯ ಕೋಡು ಬೇರೆ. ಉದ್ದ ಬಂದಾಗ ಕೈ ಅಗಲ ಮಾಡು, ಗಿಡ್ಡ ಬಂದಾಗ ಬೆರಳು ಚಿಟಿಕೆ ಹೊಡಿ ಅಂತ ಆಡಿಸಿ. ದೀರ್ಘ ಬಿಟ್ಟು ಬರೆದರೆ 'ಅಜಾಗ್ರತೆ' ಅನ್ನಬೇಡಿ. ಅವಳ ಕಿವಿ ಆ ವ್ಯತ್ಯಾಸಕ್ಕೆ ಈಗಷ್ಟೇ ತೆರೆಯುತ್ತಿದೆ.

ಇನ್ನು 'ಅಮಮ' ಮತ್ತು 'ಅಕ'. ಇವೆರಡನ್ನೂ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಇವು ಬೇರೆಬೇರೆಯಾಗಿ ಕಾಣುತ್ತವೆ. 'ಅಮಮ' ಬರೆದ ಮಗುವಿಗೆ ಎರಡು 'ಮ' ಕೇಳಿದೆ, ಅದು ಸರಿಯೇ ಇದೆ. ಎರಡನೆಯದನ್ನು ಕೆಳಗೆ ಒತ್ತಾಗಿ ಇಡಬೇಕು ಅಂತ ಗೊತ್ತಿಲ್ಲ, ಅಷ್ಟೇ. ಇದು ಲಿಪಿಯ ಪದ್ಧತಿ, ತೋರಿಸಿಕೊಟ್ಟರೆ ಬರುತ್ತದೆ. 'ಅಕ' ಬರೆದಾಗ ಮಾತ್ರ ಒಂದು ಸದ್ದು ಕಿವಿಯಿಂದಲೇ ತಪ್ಪಿಹೋಗಿದೆ. 'ಮ್' ಹೇಳುವಾಗ ತುಟಿ ಮುಚ್ಚಿ ಗುಂಯ್ ಅನ್ನುತ್ತದೆ, ಹಿಡಿದು ನಿಲ್ಲಿಸಬಹುದು. 'ಕ್' ಹಾಗಲ್ಲ, ಒಂದು ಕ್ಷಣ ಮೌನ, ಅಷ್ಟೇ. ಆ ಮೌನ ಕೇಳಿಸಿಕೊಳ್ಳುವುದು ಕಷ್ಟ. ಬಹಳ ಮಕ್ಕಳು ಇಲ್ಲೇ ಎಡವುತ್ತಾರೆ.

ನಮ್ಮ ಲಿಪಿಯಲ್ಲಿ ಇನ್ನೊಂದು ತೊಡಕಿದೆ. ಬಾಯಿ 'ಅಮ್-ಮ' ಅಂತ ತುಂಡು ಮಾಡುತ್ತದೆ. ಕಾಗದದ ಮೇಲೆ 'ಅ-ಮ್ಮ' ಅಂತ ತುಂಡಾಗುತ್ತದೆ. ಬಾಯಿಯ ಲೆಕ್ಕ, ಬರಹದ ಲೆಕ್ಕ ಹೊಂದುವುದಿಲ್ಲ. ಹೊನ್ನಾವರ, ಯಲ್ಲಾಪುರ ಮೊದಲಿಗೆ ಬೇಡ ಅಂದದ್ದು ಇದಕ್ಕೇ. ಒತ್ತಿಗೆ ಬರುವ ಹೊತ್ತಿಗೆ ಹೀಗೆ ಮಾಡಿ. ಕತೆ-ಕತ್ತೆ, ಎಲೆ-ಎಲ್ಲೆ, ಹಳ-ಹಳ್ಳ ಅಂತ ಜೋಡಿಯಾಗಿ ಹೇಳಿ. ಒತ್ತು ಬಂದ ಕಡೆ ನಡೆಯುತ್ತಾ ಇದ್ದವಳು ಗಕ್ಕನೆ ನಿಲ್ಲಬೇಕು. ಕ, ನಿಂತಳು, ತ್ತೆ. ಮೈಗೆ ಆ ತಡೆ ಗೊತ್ತಾದ ಮೇಲೆ ಕಿವಿಗೆ ಕೇಳುತ್ತದೆ. ಆಮೇಲೆ ಪಾಟಿಯ ಮೇಲೆ 'ಕತೆ' ಬರೆದು, 'ನಿಂತೆಯಲ್ಲ, ಅಲ್ಲಿ ಕೆಳಗೆ ಇನ್ನೊಂದು ತ' ಅಂತ ಒತ್ತು ಹಾಕಿ ತೋರಿಸಿ. ಒಂದೇ ಅಕ್ಷರದ ಒತ್ತುಗಳು ಮೊದಲು. ಭಟ್ಕಳದಂಥ ಬೇರೆ ಅಕ್ಷರದ ಒತ್ತು ಆಮೇಲೆ. ಗೋಕರ್ಣದ ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ಅದರಲ್ಲಿ 'ರ್' ಮೊದಲು ಕೇಳುತ್ತದೆ, ಬರೆಯುವುದು ಆಮೇಲೆ. ಐದೂವರೆ ವರ್ಷಕ್ಕೆ ಅದರ ಹೊರೆ ಬೇಡ.

ಅವಳು ತಪ್ಪು ಬರೆದಾಗ ಅಳಿಸಿ ಹತ್ತು ಸಲ ಬರೆಸುವುದು ಬೇಡವೇ ಬೇಡ. 'ಅಕ' ಬರೆದರೆ, 'ಅ ಸರಿ, ಕ ಸರಿ. ಈಗ ನೀನು ಬರೆದದ್ದನ್ನೇ ಓದು' ಅನ್ನಿ. ಓದಿದಾಗ 'ಅಕ' ಅಂತ ಕೇಳುತ್ತದೆ, ಅವಳಿಗೇ ನಗು ಬರಬಹುದು. ಕೇಳಿದ್ದನ್ನು ತನಗೆ ಗೊತ್ತಿರುವ ಅಕ್ಷರದಲ್ಲಿ ಬರೆಯಲು ಹೊರಟ ಮಗು ಬಹಳ ದೊಡ್ಡ ಕೆಲಸ ಮಾಡುತ್ತಿರುತ್ತದೆ. ನೋಡಿ ನಕಲು ಮಾಡುವ ಮಗುವಿನ ಚಂದದ ಬರಹಕ್ಕಿಂತ ಆ 'ಅಮಮ' ನನಗೆ ಹೆಚ್ಚು. ಬೆರಳಿನ ಶಕ್ತಿ ಇನ್ನೂ ಬರಬೇಕು, ಹಾಗಾಗಿ ಅಕ್ಷರ ಓರೆಕೋರೆ ಇರಲಿ. ಸಂಜೆ ಟ್ಯಾಗೋರ್ ಬೀಚಿಗೆ ಹೋದಾಗ ಒದ್ದೆ ಮರಳಿನಲ್ಲಿ ಬೆರಳಿಂದ ದೊಡ್ಡದಾಗಿ ಬರೆಸಿ. ಮಳೆಯಿದ್ದರೆ ತಟ್ಟೆಯಲ್ಲಿ ಅಕ್ಕಿ ಹರಡಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಅವಳು 'ಇನ್ನೊಂದು' ಅನ್ನುವಾಗಲೇ ನಿಲ್ಲಿಸಿ.

ಹಿಂದೆ ಬಿದ್ದಳೋ ಅನ್ನುವ ಆತಂಕ ನಿಮ್ಮ ಪತ್ರದ ತುಂಬ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ನಿಪುಣ್ ಭಾರತ್ ಯೋಜನೆಯೇ ಮಕ್ಕಳು ಅರ್ಥ ಮಾಡಿಕೊಂಡು ಓದುವುದಕ್ಕೆ ಮೂರನೇ ತರಗತಿಯ ಕೊನೆಯವರೆಗೆ ಸಮಯ ಇಟ್ಟಿದೆ. ನಿಮ್ಮ ಮಗಳು ಇನ್ನೂ ಯುಕೆಜಿ. ಏಳು ವರ್ಷ ದಾಟಿ, ದಿನಾ ಕಲಿಸಿಯೂ, ಎರಡಕ್ಷರದ ಪದ ಕೂಡಿಸಿ ಓದಲು ಆಗದಿದ್ದರೆ ಆಗ ತಜ್ಞರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕೇಳುವಿಕೆ, ಕಲಿಕೆಯ ತೊಂದರೆ ಪರೀಕ್ಷೆ ಮಾಡುತ್ತಾರೆ.

ಕೊನೆಗೆ ಇಂಗ್ಲಿಷ್. ಗುಡಿಸು, ಕೊಂಬು ಬಂದ ಮೇಲೆ ಶುರುಮಾಡಿ. ಶಾಲೆಯಲ್ಲಿ ಹೇಗಿದ್ದರೂ ನಡೆಯುತ್ತಿರುತ್ತದೆ, ಮನೆಯಲ್ಲಿ ಅವಸರ ಬೇಡ. ಕನ್ನಡದಲ್ಲಿ ಅಕ್ಷರದ ಹೆಸರೂ ಸದ್ದೂ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. 26 ಅಕ್ಷರ, ಸದ್ದುಗಳು ಸುಮಾರು 44. 'ಎಚ್' ಎಂಬ ಹೆಸರಿನಲ್ಲಿ 'ಹ್' ಇಲ್ಲ. 'ಡಬ್ಲ್ಯೂ' ಶುರುವಾಗುವುದೇ 'ಡ್' ಇಂದ. ಹಾಗಾಗಿ 'ವಾಟರ್' ಬರೆಯಲು ಮಗು 'ವೈ' ಅಕ್ಷರ ಹಾಕುತ್ತದೆ. ಹೆಸರಿನಲ್ಲಿ 'ವ' ಕೇಳಿದ್ದು ಅಲ್ಲಿ ತಾನೇ? 'ಸಿ ಎ ಟಿ ಕ್ಯಾಟ್' ಅಂತ ಉರುಹಚ್ಚಿಸಿದರೆ ಆ ಮೂರು ಹೆಸರು ಕೂಡಿಸಿದಾಗ 'ಸಿಎಟಿ' ಆಗುತ್ತದೆ, ಕ್ಯಾಟ್ ಎಲ್ಲಿಂದ ಬರಬೇಕು? ಹೆಸರು ಬದಿಗಿಟ್ಟು ಸದ್ದು ಹೇಳಿಕೊಡಿ. ಎಸ್, ಎ, ಟಿ, ಪಿ, ಐ, ಎನ್ ಈ ಆರು ಅಕ್ಷರ ಮೊದಲು. ಸದ್ದು ಸ್, ಆ್ಯ, ಟ್, ಪ್, ಇ, ನ್. ಇಷ್ಟರಲ್ಲೇ ಸ್ಯಾಟ್, ಟ್ಯಾಪ್, ಪ್ಯಾನ್, ಪಿನ್, ಟಿನ್ ಓದಬಹುದು. ರ ಗ ಸ ದ ಅದ ಯೋಚನೆಯೇ ಇಲ್ಲೂ ಇದೆ.

ಕನ್ನಡದವರು ಇಲ್ಲಿ ಎಡವುವ ಜಾಗ ಒಂದಿದೆ. 'ಪ, ಇ, ನ' ಅಂತ ಹೇಳಿಕೊಟ್ಟರೆ ಮಗು 'ಪಇನ' ಅಂತ ಓದುತ್ತದೆ. ನಮ್ಮ ಅಕ್ಷರದಲ್ಲಿ 'ಅ' ಸೇರಿಕೊಂಡೇ ಇರುತ್ತದಲ್ಲ. 'ಪ್' ಅಂತ ತುಟಿ ಒತ್ತಿ ಬಿಟ್ಟು ಅಲ್ಲಿಗೇ ನಿಲ್ಲಿಸಬೇಕು. ಕೊಂಕಣಿ ನಿಮಗೆ ಇಲ್ಲೂ ಸಹಾಯಕ್ಕೆ ಬರುತ್ತದೆ. ಕಾರವಾರದ ಕಡೆ 'ಘರ್', 'ಝಾಡ್' ಅಂತ ಮಾತು ವ್ಯಂಜನದಲ್ಲೇ ನಿಲ್ಲುತ್ತದೆ. ಕನ್ನಡದ ಬಾಯಿ 'ಬಸ್ಸು', 'ಪೆನ್ನು' ಅಂತ 'ಉ' ಸೇರಿಸಿಕೊಳ್ಳುತ್ತದೆ. ಹಾಗಾಗಿ 'ಝಾಡ್ ಕೊನೆಗೆ ಏನು ಕೇಳ್ತದೆ?' ಅಂತ ಕೇಳಿ 'ಡ್' ಹಿಡಿಸಿ, ಆಮೇಲೆ 'ಮ್ಯಾಡ್', 'ಬೆಡ್'ಗೆ ಹೋಗಿ. ನಿಮ್ಮ ಉಚ್ಚಾರಣೆ ನಿಮ್ಮ ಊರಿನದೇ ಇರಲಿ, ಅದರ ಬಗ್ಗೆ ಸಂಕೋಚ ಬೇಡ. 'ದಿ', 'ಸೆಡ್', 'ವಾಸ್' ಇಂಥ ಪದ ಸದ್ದು ಕೂಡಿಸಿದರೆ ಪೂರ್ತಿ ಸಿಗುವುದಿಲ್ಲ, ಅವನ್ನು ನೋಡಿ ನೆನಪಿಟ್ಟುಕೊಳ್ಳಲಿ.

ಆ್ಯಪ್ ಬಗ್ಗೆ ನಿಮ್ಮ ಯಜಮಾನರಿಗೆ ಒಂದು ಕೆಲಸ ಹೇಳಿ. ಹಾಕುವ ಮೊದಲು ಅವರೇ ಕಿವಿಗಿಟ್ಟು ಕೇಳಲಿ. ಅದು 'ಬ್' ಅನ್ನುತ್ತದೋ 'ಬ' ಅನ್ನುತ್ತದೋ, ಸದ್ದು ಕೂಡಿಸಿ ಪದ ಮಾಡಲು ಮಗುವಿಗೆ ಸಮಯ ಕೊಡುತ್ತದೋ, ಇಲ್ಲ ಚಿತ್ರ ಮುಟ್ಟಿದ ಕೂಡಲೇ ತಾನೇ ಉತ್ತರ ಹೇಳಿಬಿಡುತ್ತದೋ ನೋಡಲಿ. 'ಬ್' ಅಂದು, ಕಾದು, ಮಗುವಿಂದಲೇ ಹೇಳಿಸುವ ಆ್ಯಪ್ ಸಿಕ್ಕರೆ ವಾರಕ್ಕೆ ಎರಡು ಮೂರು ಸಲ, ಅವರು ಪಕ್ಕದಲ್ಲೇ ಕೂತು, ಹತ್ತು ನಿಮಿಷ ಆಡಿಸಲಿ. ಇದೆಲ್ಲ ಶುರುಮಾಡುವ ಮೊದಲು ಕಿವಿ ತೋರಿಸಿಕೊಂಡು ಬನ್ನಿ.